ಅಂಚೆ ಆಮೆಯ ಹೊಟ್ಟೆಯಲ್ಲಿದ್ದದ್ದು

ಸಂಶಯ ಇಲ್ಲದವರ ಅಂಗಡಿಗೆ ಬರೀ ಗಿರಾಕಿಗಳು ಬರುತ್ತಾರೆ, ನನ್ನ ಅಂಗಡಿಗೆ ಪ್ರಸಂಗಗಳೇ ಬಂದು ಕೂರುತ್ತವೆ. ಪಾಣೆಮಂಗಳೂರು ಪೇಟೆಯಲ್ಲಿ ನನ್ನದೊಂದು ಫ್ಯಾನ್ಸಿ ಅಂಗಡಿ ಉಂಟು. ಬಳೆ, ರಿಬ್ಬನ್, ಬಾಚಣಿಗೆ, ಆಟಿಕೆ. ತಲೆಗೂದಲು ಕಪ್ಪಿದ್ದಾಗ ಕೂತವನು ಬೆಳ್ಳಗಾಗುವವರೆಗೂ ಅದೇ ಸ್ಟೂಲಿನ ಮೇಲೆ ಕೂತಿದ್ದೇನೆ, ಇದುವರೆಗೆ ನನಗೆ ಟೋಪಿ ಹಾಕಿದವ ಹುಟ್ಟಿಲ್ಲ. ಬಿ.ಸಿ.ರೋಡಿನ ಬಸ್ಸು ಕಂಡಕ್ಟರುಗಳು ನನ್ನ ಮುಖ ಕಂಡರೆ ಕೇಳುವ ಮೊದಲೇ ಚಿಲ್ಲರೆ ಕೊಡುತ್ತಾರೆ. "ನಿಮಗೆ ಬೇರೆಯವರು ಮೋಸ ಮಾಡಬೇಕಾಗಿಲ್ಲ, ನೀವೊಬ್ಬರೇ ಸಾಕು" ಎಂದು ನನ್ನ ಹೆಂಡತಿ ಹೇಳುವುದುಂಟು. ಯಾಕೆ ಹಾಗೆ ಹೇಳುತ್ತಾಳೆ ಎಂದು ಅವಳ ಮೇಲೂ ನನಗೆ ಒಂದು ಕಣ್ಣಿದೆ.

೧. ಹೀರೋ ಬೇಕಾದರೆ ಆಮೆಯೂ ಬೇಕು

ಟಿವಿಯಲ್ಲಿ ಭಾನುವಾರ ಬೆಳಿಗ್ಗೆ ಒಂದು ಕಾರ್ಟೂನು ಬರುತ್ತಿದ್ದ ಕಾಲ. ಕೆಂಪು ಮೇಲಂಗಿಯ ಹೀರೋ ಆಕಾಶದಲ್ಲಿ ಹಾರಿ ಬಂದು ಎಲ್ಲರನ್ನೂ ಬಚಾವು ಮಾಡುವವನು. ಅದರ ಗೊಂಬೆಗಳು ಮಾರಾಟಕ್ಕೆ ಬಂದವು. ಮಂಗಳೂರಿನಿಂದ ಬಂದ ಏಜೆಂಟ್ ಒಂದು ಷರತ್ತು ಹಾಕಿದ. "ಒಂದು ಡಜನ್ ಹೀರೋ ಬೇಕಾದರೆ ಎರಡು ಡಜನ್ ಸೈಡಿನವರನ್ನು ತೆಗೆದುಕೊಳ್ಳಬೇಕು."

ಸೈಡಿನವರೆಂದರೆ ಯಾರು? ಕಾಗದ ಹಂಚುವ ಅಂಚೆ ಆಮೆ, ಯಾವಾಗಲೂ ಕೊಡೆ ಹಿಡಿದಿರುವ ಅಜ್ಜಿ, ಮತ್ತೆ ವಿಲನ್ನಿನ ಅಡುಗೆಯವ. ಹೀರೋಗಳು ಎರಡೇ ದಿನದಲ್ಲಿ ಖಾಲಿ. ಸೈಡಿನವರು ಮಾತ್ರ ಕಪಾಟಿನಲ್ಲಿ ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದರು.

ಒಂದು ಮಗು ಬಂತು. "ಅಂಕಲ್, ಹೀರೋ ಉಂಟಾ?"

"ಹೀರೋ ಇಲ್ಲ. ಆಮೆ ಉಂಟು."

"ಆಮೆ ಎಂತ ಮಾಡ್ತದೆ?"

"ಕಾಗದ ಕೊಡ್ತದೆ."

"ಮತ್ತೆ?"

"ಮತ್ತೆ ಇನ್ನೊಂದು ಕಾಗದ ಕೊಡ್ತದೆ."

ಮಗು ಅಲ್ಲೇ ನೆಲದಲ್ಲಿ ಕೂತು ಅತ್ತಿತು. ಕೊನೆಗೆ ಒಂದು ಡಜನ್ ಬಳೆಗೆ ಒಂದು ಗೊಂಬೆ ಉಚಿತ ಎಂದು ಬೋರ್ಡು ಬರೆದೆ. ನಮ್ಮ ಪೇಟೆಯ ಹೆಂಗಸರು ಹುಷಾರು. ಆ ಬೋರ್ಡು ಇದ್ದಷ್ಟು ದಿನವೂ ಹನ್ನೊಂದೇ ಬಳೆ ಕೊಂಡರು.

೨. ನೆರಿಯದ ಮಂಗಗಳು

ಉಳಿದ ಅಜ್ಜಿಯರನ್ನೆಲ್ಲ ನೆರಿಯ ಊರಿನ ಒಬ್ಬ ಕೃಷಿಕರು ಒಟ್ಟಿಗೆ ಕೊಂಡುಹೋದರು. ಅವರದ್ದು ಕಾಡಿನ ಅಂಚಿನ ಜಾಗ, ಬಾಳೆ ತೋಟಕ್ಕೆ ಮಂಗಗಳ ಕಾಟ. ಕೊಡೆ ಹಿಡಿದ ಅಜ್ಜಿಯನ್ನು ಗೊನೆಗೊಂದರಂತೆ ಕಟ್ಟಿದರೆ ಮಂಗ ಹೆದರುತ್ತದೆ ಎಂದು ನಾನೇ ಐಡಿಯಾ ಕೊಟ್ಟದ್ದು. ಒಂದು ತಿಂಗಳಾಗಿ ಅವರು ಪುನಃ ಬಂದರು. ಮುಖ ಸರಿ ಇರಲಿಲ್ಲ.

"ಎಂತ, ಮಂಗ ಹೆದರಲಿಲ್ಲವಾ?" ಎಂದೆ.

"ಮೂರು ದಿನ ಹೆದರಿದವು. ನಾಲ್ಕನೇ ದಿನ ಬಂದು ಒಂದೊಂದು ಮಂಗ ಒಂದೊಂದು ಅಜ್ಜಿಯನ್ನು ಎತ್ತಿಕೊಂಡು ಹೋಯ್ತು. ಈಗ ಅಜ್ಜಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬರ್ತವೆ ಮಾರಾಯ್ರೆ. ಹಣ್ಣು ಸುಲಿದು ಮೊದಲು ಅಜ್ಜಿಯ ಬಾಯಿಗೆ ಹಿಡಿಯುವುದು, ಅದು ಬೇಡ ಅಂದ ಮೇಲೆ ತಾವು ತಿನ್ನುವುದು."

ಗೊಂಬೆ ವಾಪಸು ಕೊಡುವ ಉಪಾಯ ಇದು ಎಂದು ನನಗೆ ಕೂಡಲೇ ಹೊಳೆಯಿತು. ಗಟ್ಟಿಯಾಗಿ ಹೇಳಿದೆ. "ನೋಡಿ, ಮಾರಿದ ಮಾಲು ವಾಪಸಿಲ್ಲ."

"ವಾಪಸು ಕೊಡ್ಲಿಕ್ಕೆ ಬಂದವ ಅಲ್ಲ ನಾನು. ಒಂದು ಮಂಗನಿಗೆ ಅಜ್ಜಿ ಸಿಗಲಿಲ್ಲ. ಅದು ನಮ್ಮ ಮಾಡಿನ ಮೇಲೆ ಕೂತು ಹಂಚು ಕೀಳ್ತಾ ಉಂಟು. ಇನ್ನೊಂದು ಅಜ್ಜಿ ಕೊಡಿ."

ಅಜ್ಜಿ ಮುಗಿದಿತ್ತು. ವಿಲನ್ನಿನ ಅಡುಗೆಯವನನ್ನು ಕಟ್ಟಿಕೊಟ್ಟೆ. ಮಂಗ ಎರಡು ದಿನ ಇಟ್ಟುಕೊಂಡು, ಮೂರನೇ ದಿನ ಅವನನ್ನು ತಂದು ಅಡುಗೆಮನೆಯ ಬಾಗಿಲಲ್ಲೇ ಬಿಟ್ಟು ಹೋಯಿತಂತೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನಂತೂ ಆ ಕೃಷಿಕರನ್ನು ಇವತ್ತಿಗೂ ಪೂರ್ತಿ ನಂಬಿಲ್ಲ.

೩. ಆಮೆ ಕೇಳಿಕೊಂಡು ಬಂದವ

ಇದೆಲ್ಲ ಹಳೆಯ ಮಾತು. ಈಗ ಮೊನ್ನೆ ಮೊನ್ನೆ, ಬೆಳ್ತಂಗಡಿಯವನೊಬ್ಬ ಕಾರಿನಲ್ಲಿ ಬಂದಿಳಿದ. ನಲವತ್ತರ ಆಸುಪಾಸಿನವ, ಇಸ್ತ್ರಿ ಮಾಡಿದ ಅಂಗಿ. ಬಳೆ ನೋಡಲಿಲ್ಲ, ಬಾಚಣಿಗೆ ನೋಡಲಿಲ್ಲ. ಸೀದಾ ಕೇಳಿದ. "ಅಂಕಲ್, ಹಿಂದೆ ಒಂದು ಅಂಚೆ ಆಮೆ ಬರ್ತಿತ್ತಲ್ಲ, ಅದು ಉಂಟಾ?"

ನನ್ನ ಕಿವಿ ನೆಟ್ಟಗಾಯಿತು. ಹೀರೋ ಇರುವಾಗಲೇ ಯಾರಿಗೂ ಬೇಡದ ಆಮೆ ಈಗ ಇಸ್ತ್ರಿ ಅಂಗಿಯವನಿಗೆ ಯಾಕೆ? "ಹೀರೋ ಹುಡುಕಿ ಕೊಟ್ಟರೆ ಆಗ್ತದಾ?" ಎಂದು ಪರೀಕ್ಷೆ ಮಾಡಿದೆ.

"ಬೇಡ. ಆಮೆಯೇ ಆಗಬೇಕು."

"ಯಾರಿಗೆ?"

"ಅಕ್ಕನಿಗೆ."

ಅವನು ಹೇಳಿದ ಕಥೆ ಇಷ್ಟು. ಚಿಕ್ಕವನಿದ್ದಾಗ, ಆಮೆಗೆ ಈಜು ಬರುತ್ತದೋ ಇಲ್ಲವೋ ನೋಡಲಿಕ್ಕೆಂದು ಅಕ್ಕನ ಅಂಚೆ ಆಮೆಯನ್ನು ಪಾಣೆಮಂಗಳೂರಿನ ಹಳೇ ಸಂಕದ ಮೇಲೆ ನಿಂತು ನೇತ್ರಾವತಿ ಹೊಳೆಗೆ ಬಿಸಾಡಿದ್ದಾನೆ. ಅಕ್ಕ ಈಗ ಮೂಡಬಿದ್ರೆಯಲ್ಲಿ ಸಂಸಾರಸ್ಥೆ. ಮೂರು ವರ್ಷದ ಹಿಂದೆ ಅವಳು ಎಲೆಯಲ್ಲಿ ಬೇಯಿಸಿದ ಹಲಸಿನ ಹಣ್ಣಿನ ಗಟ್ಟಿಗೆ ಬೆಲ್ಲ ಕಡಿಮೆ ಎಂದು ಇವನು ಹೇಳಿದ. "ನನ್ನ ಆಮೆಯನ್ನು ಹೊಳೆಗೆ ಹಾಕಿದವ ನೀನು, ನನಗೆ ಬೆಲ್ಲದ ಲೆಕ್ಕ ಹೇಳ್ತೀಯಾ?" ಎಂದು ಅವಳು ಮಾತು ಬಿಟ್ಟವಳು ಬಿಟ್ಟಳು. ಈಗ ಇವನ ಹೊಸ ಮನೆಯ ಒಕ್ಕಲು, ಗೃಹಪ್ರವೇಶ. ಹಾಲು ಉಕ್ಕಿಸಲಿಕ್ಕೆ ಅಕ್ಕನೇ ಆಗಬೇಕು, ತಾಯಿ ಇಲ್ಲದ ಮನೆ. ಅಕ್ಕ ಭಾವನ ಬಾಯಲ್ಲಿ ಹೇಳಿ ಕಳಿಸಿದ್ದಾಳೆ, "ಗೇಟಿನವರೆಗೆ ಬರ್ತೇನೆ. ಆಮೆ ಕೈಗೆ ಬಂದರೆ ಒಳಗೆ ಬರ್ತೇನೆ, ಇಲ್ಲದಿದ್ದರೆ ಅದೇ ರಿಕ್ಷಾದಲ್ಲಿ ವಾಪಸು ಹೋಗ್ತೇನೆ."

ಕೇಳಿ ಮುಗಿಯುವಾಗ ನನ್ನ ಸಂಶಯ ಗಟ್ಟಿಯಾಯಿತು. ಇಷ್ಟು ಚಂದದ ಕಥೆ ನಿಜ ಇರಲಿಕ್ಕೆ ಸಾಧ್ಯವೇ ಇಲ್ಲ.

"ಹುಡುಕಿಡ್ತೇನೆ. ಸಿಕ್ಕಿದರೆ ಒಕ್ಕಲಿಗೆ ನಾನೇ ತರ್ತೇನೆ" ಎಂದೆ. ಅಕ್ಕ ಎಂಬುವಳು ಇದ್ದಾಳೋ ಇಲ್ಲವೋ ಕಣ್ಣಾರೆ ನೋಡಬೇಕಿತ್ತು.

"ಒಂಬತ್ತೂವರೆಯೊಳಗೆ ಬನ್ನಿ ಅಂಕಲ್, ಮುಹೂರ್ತ ಮೀರಬಾರದು" ಎಂದು ಕೈ ಮುಗಿದು ಹೋದ. ಕೈ ಮುಗಿದದ್ದೂ ಸ್ವಲ್ಪ ಜಾಸ್ತಿಯೇ ಆಯಿತು ಎಂದು ನನಗೆ ಕಂಡಿತು.

೪. ಆಚಾರಿಗೆ ಗೊತ್ತಿಲ್ಲದ ಕಲ್ಲು

ಅಟ್ಟದಲ್ಲಿ ಒಂದೇ ಒಂದು ಆಮೆ ಸಿಕ್ಕಿತು. ಧೂಳು ಕೊಡವಲು ಅಲ್ಲಾಡಿಸಿದರೆ ಒಳಗೆ ಗಲಗಲ ಎಂದಿತು. ಹಾಗಾದರೆ ವಿಷಯ ಇದು. ಹೊಟ್ಟೆಯಲ್ಲಿ ಏನೋ ಉಂಟು, ಇಸ್ತ್ರಿ ಅಂಗಿಯವನಿಗೆ ಅದು ಗೊತ್ತುಂಟು. ಅಕ್ಕ, ಹಲಸು, ಬೆಲ್ಲ ಎಲ್ಲ ಬರೀ ನೆಪ.

ಹೆಂಡತಿ ನೋಡುತ್ತಿದ್ದ ಹಾಗೆ ಬ್ಲೇಡಿನಿಂದ ಆಮೆಯ ಹೊಟ್ಟೆ ಕೊಯ್ದೆ. ಕಡಲೆಕಾಳಿನಷ್ಟು ದೊಡ್ಡ ಒಂದು ಬೂದು ಬಣ್ಣದ ಕಲ್ಲು ಹೊರಗೆ ಬಿತ್ತು.

"ಆಮೆಗೆ ಹೆಗಲಲ್ಲಿ ಕಾಗದದ ಚೀಲ ಉಂಟಲ್ಲ, ವಾಲಿ ಬೀಳಬಾರದು ಅಂತ ಭಾರಕ್ಕೆ ಹಾಕಿದ್ದು ಅಷ್ಟೆ" ಎಂದಳು ಅವಳು.

ವ್ಯಾಪಾರ ಗೊತ್ತಿಲ್ಲದವರು ಹಾಗೆಯೇ ಹೇಳುವುದು. ಕಲ್ಲನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಚಿನ್ನದ ಕೆಲಸದ ಆಚಾರಿಯ ಹತ್ತಿರ ಹೋದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಅರ್ಧ ನಿಮಿಷ ನೋಡಿದರು.

"ಇದು ಹೊಳೆಕಲ್ಲು ಅಣ್ಣ. ಇಲ್ಲಿಡಿ, ನಾನೇ ಬಿಸಾಡ್ತೇನೆ."

ಬಿಸಾಡುತ್ತಾರಂತೆ. ಇದುವರೆಗೆ ಯಾರಿಂದಲೂ ಟೋಪಿ ಹಾಕಿಸಿಕೊಳ್ಳದವನ ಹತ್ತಿರ ಈ ಮಾತು. ಬರೀ ಹೊಳೆಕಲ್ಲಾದರೆ ಅರ್ಧ ನಿಮಿಷ ಯಾಕೆ ನೋಡಬೇಕು, ಇಟ್ಟು ಹೋಗಿ ಎಂದು ಯಾಕೆ ಹೇಳಬೇಕು? "ನನ್ನ ಎದುರೇ ಬೆಳ್ಳಿಯ ಉಂಗುರಕ್ಕೆ ಕೂರಿಸಿ" ಎಂದೆ. ಅವರು ನನ್ನನ್ನೊಮ್ಮೆ, ಕಲ್ಲನ್ನೊಮ್ಮೆ ನೋಡಿ, ನಿಟ್ಟುಸಿರು ಬಿಟ್ಟು ಕೂರಿಸಿಕೊಟ್ಟರು.

ಕಲ್ಲಿನ ಪ್ರಭಾವ ಮರುದಿನವೇ ಗೊತ್ತಾಯಿತು. ಬಿ.ಸಿ.ರೋಡಿನಲ್ಲಿ ಬಸ್ಸು ಹತ್ತಿದ ಕೂಡಲೇ ಕಿಟಕಿ ಬದಿಯ ಸೀಟು ಸಿಕ್ಕಿತು. ಬಸ್ಸಿನಲ್ಲಿ ಬೇರೆ ಯಾರೂ ಇರಲಿಲ್ಲ, ಅದು ಬೇರೆ ಮಾತು. ಒಂದು ವಾರದಲ್ಲಿ ನನ್ನ ಉಂಗುರ ನೋಡದವರು ಪೇಟೆಯಲ್ಲಿ ಉಳಿಯಲಿಲ್ಲ. ಆಮೆಯ ಹೊಟ್ಟೆಗೆ ಅಂಟು ಹಾಕಿ, ಮೇಲಿಂದ ಪಾಲಿಶ್ ಉಜ್ಜಿ, ಏನೂ ಆಗದ ಹಾಗೆ ಮಾಡಿಟ್ಟೆ.

೫. ಹಾಲು ಉಕ್ಕುವ ಹೊತ್ತು

ಒಕ್ಕಲಿನ ದಿನ ಹೆಂಡತಿಯ ಜೊತೆ ಬೆಳ್ತಂಗಡಿಗೆ ಹೋದೆ. ಒಂಬತ್ತೂಕಾಲಿಗೆ ಗೇಟಿನ ಎದುರು ಒಂದು ರಿಕ್ಷಾ ಬಂದು ನಿಂತಿತು. ಇಂಜಿನ್ ಬಂದ್ ಮಾಡಲಿಲ್ಲ. ಒಳಗಿನಿಂದ ರೇಷ್ಮೆ ಸೀರೆಯ ಒಬ್ಬ ಹೆಂಗಸು ಇಳಿದಳು. ಹಾಗಾದರೆ ಅಕ್ಕ ನಿಜವಾಗಿಯೂ ಇದ್ದಾಳೆ. ನನಗೆ ಸ್ವಲ್ಪ ಬೇಸರವಾಯಿತು.

ತಮ್ಮ ನನ್ನ ಕೈಯಿಂದ ಆಮೆಯನ್ನು ತೆಗೆದು ಅವಳಿಗೆ ಕೊಟ್ಟ. ಅವಳ ಮುಖ ಅರಳಿತು. ಆಮೆಯನ್ನು ಕಿವಿಯ ಹತ್ತಿರ ತಂದು ಅಲ್ಲಾಡಿಸಿದಳು. ಇನ್ನೊಮ್ಮೆ ಅಲ್ಲಾಡಿಸಿದಳು. ಅರಳಿದ ಮುಖ ಮುದುಡಿತು.

"ನನ್ನ ತಮ್ಮನಿಗೆ ಹೇಳಿ" ಎಂದಳು ಯಾರನ್ನೂ ನೋಡದೆ. "ನನ್ನ ಆಮೆ ನಡೆದರೆ ಗಲಗಲ ಅಂತಿತ್ತು. ಕಾರ್ಟೂನಿನಲ್ಲಿ ಕಾಗದ ಬಂತು ಅಂತ ಮನೆಯವರಿಗೆ ಗೊತ್ತಾಗುವುದೇ ಆ ಶಬ್ದದಿಂದ. ಇದು ಡೂಪ್ಲಿಕೇಟು. ಆವತ್ತೂ ಮೋಸ, ಇವತ್ತೂ ಮೋಸ." ಅವಳು ಒಂದು ಕಾಲು ರಿಕ್ಷಾದೊಳಗೆ ಇಟ್ಟೂ ಆಯಿತು.

ತಮ್ಮ ಬಿಳುಚಿಕೊಂಡು ನನ್ನನ್ನು ನೋಡಿದ. ಒಳಗಿನಿಂದ ಭಟ್ಟರು "ಇನ್ನು ಹತ್ತು ನಿಮಿಷ ಉಂಟು" ಎಂದರು. ನನ್ನ ಹೆಂಡತಿ ಮಾತ್ರ ನನ್ನ ಮುಖ ನೋಡಲಿಲ್ಲ, ಬೆರಳು ನೋಡಿದಳು.

"ನೀವೇ ತೆಗೀತೀರಾ, ನಾನು ಹೇಳಬೇಕಾ?"

ತೆಗೆಯಲು ಹೋದರೆ ಉಂಗುರ ಬರಲಿಲ್ಲ. ಒಕ್ಕಲಿನ ಮನೆಯ ಕಡುಬು ಆಗಲೇ ಆರು ಇಳಿಸಿದ್ದೆ, ಬೆರಳು ಊದಿತ್ತು. ಹೆಂಡತಿ ಎಲ್ಲರ ಎದುರು ವಿಷಯ ಬಿಚ್ಚಿಟ್ಟಳು. ಅಕ್ಕ ರಿಕ್ಷಾದಿಂದ ಕಾಲು ತೆಗೆದು ಸೀದಾ ಬಂದು ನನ್ನ ಕೈಯನ್ನೇ ಹಿಡಿದಳು.

"ತೆಂಗಿನೆಣ್ಣೆ ತಾ" ಎಂದಳು.

"ಇಗೋ, ತಂದಿದ್ದೇನೆ" ಎಂದ ತಮ್ಮ.

"ಇವರ ಭುಜ ಹಿಡಿ."

"ಹಿಡಿದೆ. ನೀನು ಎಳೆ ಅಕ್ಕ."

"ಎಳೀತಾ ಇದ್ದೇನಲ್ಲ. ನೀನು ಸರಿ ಹಿಡಿ, ಬೆಲ್ಲ ಕಡಿಮೆ ಅನ್ನಲಿಕ್ಕೆ ಮಾತ್ರ ಶಕ್ತಿಯಾ?"

"ಕಡಿಮೆ ಇತ್ತು, ಹೇಳಿದೆ."

"ಇತ್ತು ಅಂತ ನನಗೂ ಗೊತ್ತಿತ್ತು. ಎಲ್ಲರ ಎದುರು ಹೇಳಬೇಕಿತ್ತಾ?"

ಮೂರು ವರ್ಷದ ಮಾತು ನನ್ನ ಬೆರಳಿನ ಎರಡು ಬದಿಯಲ್ಲಿ ನಿಂತು ಅವರು ಆಡಿ ಮುಗಿಸಿದರು. ನನ್ನ ನೋವು ಕೇಳುವವರಿಲ್ಲ. ಕೊನೆಗೆ ಉಂಗುರ ಚಿಮ್ಮಿ ಹೊರಬಂತು. ತಮ್ಮ ಚೂರಿಯ ತುದಿಯಿಂದ ಕಲ್ಲು ಎಬ್ಬಿಸಿದ, ಅಕ್ಕ ಆಮೆಯ ಹೊಟ್ಟೆ ಬಿಡಿಸಿ ಒಳಗೆ ಹಾಕಿದಳು. ಗಲಗಲ ಎಂದಿತು. ಅವಳು ಆಮೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಓಡಿದಳು. ಮುಹೂರ್ತಕ್ಕೆ ಸರಿಯಾಗಿ ಹಾಲು ಉಕ್ಕಿತು. ರಿಕ್ಷಾದವ ಇಂಜಿನ್ ಬಂದ್ ಮಾಡಿ ಅವನೂ ಊಟಕ್ಕೆ ಕೂತ.

ಎಲ್ಲ ನನ್ನಿಂದಲೇ ಆದದ್ದು ಎಂದು ಪಂಕ್ತಿಯಲ್ಲಿ ಅಕ್ಕಪಕ್ಕದವರಿಗೆ ವಿವರಿಸುತ್ತಿದ್ದೆ. ನಾನು ಆ ಕಲ್ಲು ತೆಗೆಯದೇ ಇದ್ದಿದ್ದರೆ ಇವರಿಬ್ಬರು ಸೇರಿ ಎಳೆಯುವುದು ಎಲ್ಲಿಂದ? ಅಷ್ಟರಲ್ಲಿ ಅಕ್ಕ ಪಾಯಸ ಬಡಿಸಿಕೊಂಡು ನನ್ನ ಎಲೆಯ ಹತ್ತಿರ ಬಂದಳು. ಸೌಟು ಎತ್ತಿದವಳು ಹಾಗೇ ನಿಂತು, ಇನ್ನೊಂದು ಕೈಯಿಂದ ಸೆರಗಿನ ಆಮೆಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ನಾನು ಎಲ್ಲರನ್ನೂ ನೋಡುವ ಹಾಗೆ ಜನ್ಮದಲ್ಲಿ ನನ್ನನ್ನು ನೋಡಿದವಳು ಅವಳೊಬ್ಬಳೇ.

"ಅಂಕಲ್, ಒಳಗಿದ್ದ ಕಲ್ಲು ಇದೇ ಅಲ್ವಾ? ಬದಲಿಸಿಲ್ಲ ತಾನೇ?"

ನಾನು ಬಾಯಿ ತೆರೆಯುವ ಮೊದಲೇ ಹೆಂಗಸರ ಪಂಕ್ತಿಯಿಂದ ನನ್ನ ಹೆಂಡತಿ ಉತ್ತರ ಕೊಟ್ಟಳು.

"ಧೈರ್ಯವಾಗಿ ಬಡಿಸಿ. ಎರಡು ಕಲ್ಲು ಇದ್ದಿದ್ದರೆ ಇವರು ಎರಡು ಉಂಗುರ ಹಾಕಿಕೊಂಡು ಬರ್ತಿದ್ದರು."