ಗುಡಿಯ ಪಾಳಿಯಲ್ಲಿ ನಲವತ್ತು ತಾಟು

ಇಂಥ ಫಜೀತಿಗಳು ಶಿಸ್ತಿನವರನ್ನೇ ಹುಡುಕಿಕೊಂಡು ಬರುತ್ತವೆ; ನನ್ನ ಪಾಲಿಗಂತೂ ಒಂದು ವರ್ಷವೂ ತಪ್ಪಿಲ್ಲ. ಎಂಬತ್ತರ ದಶಕ. ಜೇವರ್ಗಿಯಲ್ಲಿ ನಮ್ಮವರ ವಕೀಲಿ. ನವರಾತ್ರಿಯ ಶುಕ್ರವಾರ ಹೆಂಗಸರೆಲ್ಲ ಗುಡಿಗೆ ಬಂದು ತಾಟಿನಲ್ಲಿ ಅಕ್ಕಿ, ತೆಂಗಿನಕಾಯಿ, ರವಿಕೆಯ ಖಣ ತಂದು ದೇವಿಯ ಉಡಿ ತುಂಬುತ್ತಾರೆ. ಆ ನೂಕಾಟ ಕಾನ್ವೆಂಟಿನಲ್ಲಿ ಕಲಿತ ನನಗೆ ಸಹಿಸಲಾಗಲಿಲ್ಲ. "ಈ ಸಲ ಎಲ್ಲರೂ ಸಾಲಿನಲ್ಲಿ ಬಂದು ಹನ್ನೆರಡರೊಳಗೆ ಮುಗಿಸಬೇಕು" ಎಂದೆ.

"ಮುಗೀಲಿಲ್ಲಂದ್ರ, ತಂಗೀ?" ಹಿರಿಯ ಗೌಡತಿ ಕೇಳಿದರು.

"ನನ್ನ ಕೊರಳಿನ ಈ ಸೀಟಿ ನಿಮ್ಮದು. ಮತ್ತೆ ಶಿಸ್ತಿನ ಮಾತೆತ್ತುವುದಿಲ್ಲ."

ಪಾಳಿ

ಸುಣ್ಣದ ಗೆರೆ ಎಳೆದು ಎಲ್ಲರನ್ನೂ ನಿಲ್ಲಿಸಿ ಒಳಗೆ ಹೋಗಿ ಬಂದೆ. ಗೆರೆಯ ಮೇಲೆ ಒಬ್ಬಳೂ ಇಲ್ಲ. ಒಂದರ ಹಿಂದೊಂದು ನಲವತ್ತು ತಾಟು. ಹೆಂಗಸರು ಬೇವಿನ ನೆರಳಲ್ಲಿ ಎಲೆ ಅಡಿಕೆ ಹಾಕುತ್ತಿದ್ದರು.

"ಪಾಳಿ ಹಚ್ಚೀವಲ್ರೀ ಅಕ್ಕಾರ," ಎಂದಳು ನೆಲೋಗಿ ಊರಿನಾಕೆ. "ತಾಟು ನಿಂತಾವ. ನಾವ್ಯಾಕ ನಿಲ್ಲಬೇಕ್ರಿ?"

ತಪ್ಪು ಹುಡುಕುವಂತಿರಲಿಲ್ಲ. ತಾಟುಗಳು ನಮ್ಮ ಶಾಲೆಯ ಪ್ರಾರ್ಥನೆಯ ಸಾಲಿಗಿಂತ ನೆಟ್ಟಗಿದ್ದವು. ಆದರೆ ತಾಟು ನಡೆಯುವುದಿಲ್ಲ. ಒಬ್ಬಳು ಒಳಗೆ ಹೋದಾಗಲೆಲ್ಲ ನಾನೇ ಬಗ್ಗಿ ಉಳಿದವನ್ನೆಲ್ಲ ಮುಂದೆ ತಳ್ಳಬೇಕಾಯಿತು. ಹತ್ತನೆಯ ಸಲಕ್ಕೆ ನೆರಳಿನಿಂದ ಗೌಡತಿ ಕೂಗಿದರು: "ತಂಗೀ, ನಂದು ಸ್ವಲ್ಪ ಸೊಟ್ಟ ಆಗ್ಯಾದ ನೋಡು!"

ಎರಡು ನಿಮಿಷ

ಆದರೂ ಪಾಳಿ ಸಾಗಲಿಲ್ಲ. ಹೊಸ್ತಿಲಲ್ಲಿ ಪ್ರತಿಯೊಬ್ಬಳೂ ಗಂಡನ ಹೆಸರನ್ನು ಒಡಪು ಕಟ್ಟಿ, ಪ್ರಾಸ ಕೂಡಿಸಿ ಹೇಳಿಯೇ ಒಳಗೆ ಹೋಗಬೇಕು. ನೆಲೋಗಿಯಾಕೆ ತನ್ನ ಒಡಪಿನಲ್ಲಿ ಜೋಳ ಬಿತ್ತಿದಳು, ಕಳೆ ತೆಗೆದಳು, ರಾಶಿ ಮಾಡಿದಳು. ಗಂಡ ಇನ್ನೂ ಬಂದಿರಲಿಲ್ಲ.

"ಒಬ್ಬರಿಗೆ ಎರಡೇ ನಿಮಿಷ! ಮೀರಿದರೆ ತಾಟು ಕೊನೆಗೆ!" ಎಂದು ಸೀಟಿ ಊದಿದೆ.

"ತಡೀರಿ ಅಕ್ಕಾರ, ಅವರು ಹೊಲದಿಂದ ಹೊಂಟಾರ, ಈಗ ಬರ್ತಾರ!"

ತಾಟು ಕೊನೆಗೆ ಹೋಯಿತು. ಅಲ್ಲಿಂದ ಮುಂದೆ ಎಲ್ಲರ ಗಂಡಂದಿರೂ ಸಮಯಕ್ಕೆ ಸರಿಯಾಗಿ ಬಂದರು.

ನನ್ನ ತಾಟು

ಹನ್ನೆರಡಕ್ಕೆ ಹತ್ತು ನಿಮಿಷ. ಉಳಿದದ್ದು ಐದೇ ತಾಟು, ಮೊದಲನೆಯದು ನನ್ನದು. ಗೆದ್ದೆನೆಂದೇ ತಿಳಿದು ಸೀಟಿ, ಗಡಿಯಾರ ಗೌಡತಿಯ ಕೈಗಿತ್ತು ಹೊಸ್ತಿಲಿಗೆ ಬಂದೆ.

"ಹೆಸರು ಹೇಳ್ರಿ!" ಎಂದರು ಎಲ್ಲರೂ.

ಒಡಪು ಕಾನ್ವೆಂಟಿನಲ್ಲಿ ಯಾರೂ ಕಲಿಸಿರಲಿಲ್ಲ. ಹಾಜರಿ ಕರೆಯುವ ಧ್ವನಿಯಲ್ಲಿ, "ಬಸವರಾಜ, ಬಿ.ಎ., ಎಲ್‌ಎಲ್.ಬಿ." ಎಂದೆ.

"ಗಂಡನ ಹೆಸರು ಕೇಳೀವಿ ತಂಗೀ," ಎಂದರು ಗೌಡತಿ. "ಬಾಗಿಲಿನ ಬೋರ್ಡ್ ಓದು ಅಂದಿಲ್ಲ."

ಪ್ರಾಸ ಹುಡುಕುತ್ತ ನಿಂತೆ. ಬಸವರಾಜರಿಗೆ ಏನೂ ಕೂಡಲಿಲ್ಲ. ಎರಡು ನಿಮಿಷ ಮುಗಿದು ಗೌಡತಿ ಸೀಟಿ ಊದಿದರು.

ನಿಯಮ ನನ್ನದೇ. ತಾಟು ಎತ್ತಿ ನಾನೇ ಕೊನೆಗೆ ಇಟ್ಟೆ. ಮೊಣಕಾಲು ನೋಯುತ್ತಿದ್ದವು, ಬೇವಿನ ನೆರಳಲ್ಲಿ ಯಾರೋ ಸರಿದು ಜಾಗ ಕೊಟ್ಟರು, ಯಾರೋ ಎಲೆ ಮಡಿಚಿ ಕೊಟ್ಟರು. ಅಷ್ಟರಲ್ಲಿ ಹನ್ನೆರಡು ದಾಟಿ, ಕೊಟ್ಟ ಮಾತಿನಂತೆ ಸೀಟಿ ಗೌಡತಿಯ ಕೊರಳಲ್ಲೇ ಉಳಿಯಿತು. ಮುಂದಿನ ತಾಟುಗಳು ಒಳಗೆ ಹೋಗಿದ್ದವು, ನನ್ನದೊಂದು ಬಿಸಿಲಲ್ಲಿ ನಿಂತಿತ್ತು. ಬಾಯ್ತುಂಬ ಎಲೆ ಇಟ್ಟುಕೊಂಡೇ ಕೂಗಿದೆ:

"ಯವ್ವಾ, ಯಾರರ ನನ್ನ ತಾಟು ಒಂದೀಟು ಮುಂದ ತಳ್ರಿ!"