ಆಳಕ್ಕೆ ಜೊತೆಗಾರರು ಬೇಕಾಗಿದ್ದಾರೆ

ಒಬ್ಬನೇ ಮಾಡಲಾಗದ ಕೆಲಸಗಳು ಪ್ರಪಂಚದಲ್ಲಿ ಕೆಲವಿವೆ. ಜಗಳ, ಕೇರಂ, ಗೋದ್ರೆಜ್ ಬೀರುವನ್ನು ಮಹಡಿಗೆ ಹತ್ತಿಸುವುದು. ಇವಕ್ಕೆಲ್ಲ ಹೇಗೋ ಜನ ಸಿಗುತ್ತಾರೆ. ಜಗಳಕ್ಕಂತೂ ಹುಡುಕುವ ಶ್ರಮವೇ ಇಲ್ಲ. ಆದರೆ ನಲವತ್ತೇಳನೆಯ ವಯಸ್ಸಿನಲ್ಲಿ ನಾನು ಹಚ್ಚಿಕೊಂಡ ಹವ್ಯಾಸಕ್ಕೆ ಶಿವಮೊಗ್ಗ, ಭದ್ರಾವತಿ ಎರಡೂ ಊರುಗಳನ್ನು ಜಾಲಾಡಿದರೂ ಜೊತೆಗಾರರು ಸುಲಭಕ್ಕೆ ಸಿಗಲಿಲ್ಲ. ಹವ್ಯಾಸದ ಹೆಸರು ಟೆಕ್ನಿಕಲ್ ಸ್ಕೂಬಾ ಡೈವಿಂಗ್. ಘಟ್ಟದ ಮೇಲೆ ಮನೆ ಮಾಡಿಕೊಂಡು ಸಮುದ್ರದ ತಳಕ್ಕೆ ಆಸೆ ಪಡುವವನಿಗೆ ಇಷ್ಟು ಕಷ್ಟವಾದರೂ ಬೇಡವೇ ಎಂದು ನೀವು ಕೇಳಬಹುದು. ನನ್ನ ಹೆಂಡತಿ ವಸುಧಾ ಅದನ್ನು ಆಗಲೇ ಕೇಳಿದ್ದಾಳೆ.

ನಾನು ಮಾಚೇನಹಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ ಪರೀಕ್ಷಕ. ಹೊಯ್ದ ಕಬ್ಬಿಣದೊಳಗೆ ಎಲ್ಲಾದರೂ ಗಾಳಿಗುಳ್ಳೆ ಉಳಿದಿದೆಯೇ ಎಂದು ನೋಡುವುದು, ಉಳಿದಿದ್ದರೆ ಮುಖ ಸಿಂಡರಿಸಿ ಪಕ್ಕಕ್ಕಿಡುವುದು ನನ್ನ ಕೆಲಸ. "ವಾರವೆಲ್ಲ ಗುಳ್ಳೆ ಬೈಯ್ತೀರಾ, ರಜಾ ಬಂದ್ರೆ ಗುಳ್ಳೆ ಬಿಡೋಕೆ ಓಡ್ತೀರಾ" ಎನ್ನುತ್ತಾಳೆ ವಸುಧಾ. ಶುರುವಾದದ್ದು ಕಾರ್ಖಾನೆಯವರೆಲ್ಲ ಮುರುಡೇಶ್ವರಕ್ಕೆ ಪ್ರವಾಸ ಹೋದಾಗ. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಕರೆದೊಯ್ದು, ಬೆನ್ನಿಗೆ ಸಿಲಿಂಡರ್ ಕಟ್ಟಿ, ಕೈ ಹಿಡಿದು ನೀರಿನಡಿ ಇಳಿಸಿದರು. ಇಳಿದವರಲ್ಲಿ ಹನ್ನೊಂದು ಜನ ಮೇಲೆ ಬಂದು ಫೋಟೊ ಹಾಕಿ ಮರೆತರು. ನಾನು ಮರೆಯಲಿಲ್ಲ. ನಾಲ್ಕು ಚಳಿಗಾಲ ಹೋಗಿ ಹೋಗಿ ಎರಡು ಸರ್ಟಿಫಿಕೇಟ್ ತಂದು, ಮಗಳ ಭರತನಾಟ್ಯದ ಸರ್ಟಿಫಿಕೇಟಿನ ಪಕ್ಕದಲ್ಲೇ ತೂಗುಹಾಕಿದೆ.

ಅಷ್ಟಕ್ಕೆ ನಿಲ್ಲಬಹುದಿತ್ತು. ಆದರೆ ಒಂದು ದಿನ ನೀರಿನಡಿ ಇಬ್ಬರನ್ನು ಕಂಡೆ. ಬೆನ್ನ ಮೇಲೆ ಜೋಡಿ ಸಿಲಿಂಡರ್. ನೆಲಕ್ಕೆ ಸಮನಾಗಿ ಮಲಗಿದ ಭಂಗಿಯಲ್ಲಿ, ಕೈ ಆಡದೆ, ಕಾಲು ಆಡದೆ, ಯಾರೋ ಅಟ್ಟದಲ್ಲಿ ಜೋಡಿಸಿಟ್ಟ ಹಲಗೆಗಳ ಹಾಗೆ ನಿಂತಿದ್ದರು. ನನಗೆ ಅವರ ಆಳದ ಮೇಲೆ ಆಸೆಯಾಗಲಿಲ್ಲ, ಆ ನಿಶ್ಚಲತೆಯ ಮೇಲೆ ಆಸೆಯಾಯಿತು. ಮಂಗಳಾರತಿಯ ಹೊತ್ತಿನಲ್ಲೂ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುವವನು ನಾನು. ಅವತ್ತೇ ದೋಣಿಯಲ್ಲಿ ನಮ್ಮ ಗುರು ವಿನ್ಸೆಂಟ್ ಸರ್ ಮುಂದೆ, ನನಗೂ ಅದನ್ನು ಕಲಿಸಿ ಎಂದು ಬಿನ್ನಹ ಇಟ್ಟೆ. ಅವರು ಮಂಗಳೂರಿನ ಕಡೆಯವರು, ಅರವತ್ತರ ಹತ್ತಿರದವರು, ಸಮುದ್ರದ ಬಿಸಿಲಿಗೆ ಬೆಂದು ಹುರಿದ ಗೇರುಬೀಜದ ಬಣ್ಣಕ್ಕೆ ಬಂದವರು.

"ಮಾಮೂಲಿ ಡೈವಿಂಗಲ್ಲಿ ತೊಂದ್ರೆ ಆದ್ರೆ ನಿಧಾನಕ್ಕೆ ಮೇಲೆ ಬರ್ಬಹುದು" ಎಂದರು. "ಟೆಕ್ನಿಕಲ್ ಅಂದ್ರೆ ಹಾಗಲ್ಲ. ತುಂಬ ಆಳ, ತುಂಬ ಹೊತ್ತು. ಬರುವಾಗ ದಾರಿಯಲ್ಲಿ ನಿಂತು ನಿಂತು ಬರ್ಬೇಕು, ಸೀದಾ ಮೇಲೆ ಹಾರಿದ್ರೆ ರಕ್ತದಲ್ಲಿ ಗುಳ್ಳೆ ಎದ್ದು ಸೀದಾ ಆಸ್ಪತ್ರೆ. ಏನೇ ಆದ್ರೂ ಅಲ್ಲೇ ಸರಿಮಾಡ್ಕೊಳ್ಬೇಕು. ಅದಕ್ಕೇ ಎಲ್ಲವೂ ಎರಡೆರಡು. ಎರಡು ಸಿಲಿಂಡರ್, ಎರಡು ಮಾಸ್ಕ್, ಎರಡು ತಲೆ."

"ಎರಡು ತಲೆ?"

"ಎರಡನೇದು ಬೇರೆಯವರ ಮೈಮೇಲೆ ಇರ್ಬೇಕು ಮಾರಾಯ್ರೆ. ಒಬ್ರು ಖಾಯಂ ಜೊತೆಗಾರರನ್ನು ಹುಡುಕಿ ತನ್ನಿ. ಒಟ್ಟಿಗೆ ಕಲೀಬೇಕು, ಒಟ್ಟಿಗೆ ಪ್ರಾಕ್ಟೀಸ್ ಮಾಡ್ಬೇಕು. ಒಬ್ರೇ ಬಂದ್ರೆ ನಾನು ಇಳಿಸುದಿಲ್ಲ."

ಮೊದಲು ಮನೆಯಲ್ಲೇ ಕೇಳಿದೆ. ವಸುಧಾ ಅವರೆಕಾಯಿ ಬಿಡಿಸುತ್ತಿದ್ದಳು. ನೀರಿನಡಿ ಜೊತೆಗಾರ ಏನು ಮಾಡಬೇಕು ಎಂದು ವಿಚಾರಿಸಿದಳು. ನನ್ನನ್ನೇ ನೋಡುತ್ತಿರಬೇಕು, ನನ್ನ ಗಾಳಿ ಖಾಲಿಯಾದರೆ ತನ್ನದನ್ನು ಕೊಡಬೇಕು, ನಾನು ದಾರಿ ತಪ್ಪಿದರೆ ತಿದ್ದಬೇಕು ಎಂದು ವಿವರಿಸಿದೆ. "ಹದಿನೆಂಟು ವರ್ಷದಿಂದ ಮೇಲೆ ಅದನ್ನೇ ಮಾಡ್ತಿದೀನಿ ಕಣ್ರೀ. ರಜಾ ದಿನಾನೂ ಅದೇ ಮಾಡ್ಲಾ?" ಎಂದು ಸಿಪ್ಪೆಯನ್ನು ಒಟ್ಟು ಮಾಡಿಕೊಂಡು ಎದ್ದಳು.

ಆಮೇಲೆ ನಮ್ಮ ಕಾರ್ಖಾನೆಯ ಸ್ಟೋರಿನ ಮಂಜುನಾಥ. ತುಂಗೆಯಲ್ಲಿ ಈಜು ಕಲಿತವನು, ಧೈರ್ಯಸ್ಥ, ಒಳ್ಳೆಯವನು. ಶಿವಮೊಗ್ಗದ ಈಜುಕೊಳದವರ ಒಪ್ಪಿಗೆ ಪಡೆದು, ವಿನ್ಸೆಂಟ್ ಸರ್ ಕೊಟ್ಟಿದ್ದ ಹಳೆಯ ಸಲಕರಣೆ ತೊಡಿಸಿ ಅವನನ್ನು ನೀರಿಗಿಳಿಸಿದೆ. ಅವನಿಗಿದ್ದ ತೊಂದರೆ ಒಂದೇ, ಮಾತು. ಮೂರನೆಯ ನಿಮಿಷಕ್ಕೆ ಬಾಯಿಂದ ಮೌತ್‌ಪೀಸ್ ತೆಗೆದು ನನ್ನ ಕಡೆ ತಿರುಗಿ ಏನೋ ಹೇಳಿದ. ನನಗೆ ನಾಲ್ಕು ಗುಳ್ಳೆ ಕಂಡವು. ಅವನಿಗೆ ನೀರು ಕಂಡಿತು. ಕೆಮ್ಮಿ ಕೆಮ್ಮಿ ದಡ ಹತ್ತಿದ ಮೇಲೆ ಏನು ಅಂಥ ತುರ್ತು ಎಂದು ಕೇಳಿದರೆ, "ಇದಾದ್ಮೇಲೆ ಟಿಫನ್ ಎಲ್ಲಿ ಅಂತ ಕೇಳ್ದೆ ಮಾರಾಯ" ಎಂದ. ಅವನೇ ಮುಂದುವರಿಸಿ, "ಮಾತಾಡೋಕಾಗದಿರೋ ಕಡೆ ನಾನ್ ಬರಲ್ಲ" ಎಂದು ರಾಜೀನಾಮೆ ಕೊಟ್ಟ.

ಕೊನೆಗೆ ಈಜುಕೊಳದ ಬೋರ್ಡಿನ ಮೇಲೆ ಚೀಟಿ ಅಂಟಿಸಿದೆ. 'ಆಳಕ್ಕೆ ಇಳಿಯಲು ಜೊತೆಗಾರರು ಬೇಕಾಗಿದ್ದಾರೆ. ತಾಳ್ಮೆ ಇರುವವರು ಸಂಪರ್ಕಿಸಿ.' ಕೆಳಗೆ ನನ್ನ ಫೋನ್ ನಂಬರ್. ನನ್ನ ಭಾಷಾಶೈಲಿಯ ಬಗ್ಗೆ ನನಗೆ ಹೆಮ್ಮೆಯಿತ್ತು. ಮೊದಲ ಕರೆ ಮಲವಗೊಪ್ಪದಿಂದ: "ಬಾವಿ ಎಷ್ಟಡಿ ಸಾರ್? ಹೂಳು ಬಕೆಟ್ಟಲ್ಲಿ ಎತ್ತೋದಾ, ಮಿಷನ್ ಐತಾ?" ಅವರು ಬಾವಿ ಸ್ವಚ್ಛ ಮಾಡುವ ತಂಡದವರು. ಬಾವಿಯಲ್ಲ, ಸಮುದ್ರ ಎಂದೆ. ಅದನ್ನು ಸ್ವಚ್ಛ ಮಾಡಲು ತಮ್ಮಲ್ಲಿ ಅಷ್ಟು ಜನ ಇಲ್ಲವೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಎರಡನೆಯ ಕರೆ ಒಬ್ಬ ಅಜ್ಜಿಯದು. ಅವರ ಬಾವಿಗೆ ತಾಮ್ರದ ಕೊಡ ಬಿದ್ದಿತ್ತು. ಪಾತಾಳಗರಡಿ ಬಿಟ್ಟು ನೋಡಿ ಎಂದೆ. "ಅದೂ ಬಿದ್ದಿದೆ ಕಣಪ್ಪ" ಎಂದರು. ಭಾನುವಾರ ಹೋಗಿ ಎರಡನ್ನೂ ತೆಗೆದುಕೊಟ್ಟೆ. ಇವತ್ತಿಗೂ ನನ್ನ ಡೈವಿಂಗ್ ಜೀವನದಲ್ಲಿ ಯಾರಿಗಾದರೂ ಉಪಯೋಗವಾದದ್ದು ಅದೊಂದೇ.

ಮೂರನೆಯ ಕರೆ ಭದ್ರಾವತಿಯಿಂದ. "ಸಾರ್, ನನ್ ಹೆಸರು ಸೆಲ್ವಿ. ಆಸ್ಪತ್ರೆಲಿ ಆಪರೇಷನ್ ಥಿಯೇಟರ್‌ನಲ್ಲಿದೀನಿ, ಅರಿವಳಿಕೆ ಕೊಡೋ ಡಾಕ್ಟರ ಪಕ್ಕ ಗ್ಯಾಸ್ ಮಿಷನ್ ನೋಡ್ಕೊಳ್ಳೋ ಕೆಲಸ. ತಮ್ಮ ಅಂಡಮಾನ್‌ನಲ್ಲಿದಾನೆ, ಅಲ್ಲಿ ಡೈವಿಂಗ್ ಕಲ್ತಿದೀನಿ. ಮುಂದಕ್ಕೆ ಕಲಿಯೋಕೆ ಎರಡ್ ವರ್ಷದಿಂದ ಜೊತೆ ಹುಡುಕ್ತಿದೀನಿ. ನಿಮ್ಮನ್ನ ನೋಡ್ಬಹುದಾ?"

ನೋಡಬಹುದಾ! ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ವಸುಧಾಳನ್ನೂ ಕರೆದುಕೊಂಡು ಭದ್ರಾವತಿ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಹೋದೆ. ಐವತ್ತರ ಆಸುಪಾಸಿನ ಹೆಂಗಸು, ಬಿಗಿಯಾಗಿ ಕಟ್ಟಿದ ಜಡೆ, ಮೆಲುದನಿ. ನಾನು ಪರೀಕ್ಷೆ ಮಾಡುವ ಹುಮ್ಮಸ್ಸಿನಲ್ಲಿ ಕೂತೆ. ಕಾಫಿ ಬರುವಷ್ಟರಲ್ಲಿ ಪರೀಕ್ಷೆಗೆ ಕೂತಿರುವುದು ನಾನೇ ಎಂದು ತಿಳಿಯಿತು.

"ಭಯ ಆದಾಗ ಏನ್ ಮಾಡ್ತೀರಾ ಸಾರ್?" ಎಂದರು.

"ನನಗೆ ಭಯ ಅನ್ನೋದೇ ಆಗಲ್ಲ" ಎಂದೆ.

ಸೆಲ್ವಿ ಲೋಟ ಕೆಳಗಿಟ್ಟರು. "ಹಾಗಾದ್ರೆ ಬೇಡ ಸಾರ್. ತಪ್ ತಿಳ್ಕೋಬೇಡಿ. ಭಯ ಆಗಲ್ಲ ಅನ್ನೋರು ಟೇಬಲ್ ಮೇಲೆ ಮಲಗಿದ್ರೆ ಡಾಕ್ಟ್ರಿಗೆ ನಾನೇ ಹೇಳ್ತೀನಿ, ಇವರ ಮೇಲೆ ಒಂದ್ ಕಣ್ಣಿಡಿ ಅಂತ."

ಹುಡುಕಿಕೊಂಡು ಹೊರಟವನೇ ತಿರಸ್ಕೃತನಾದೆ. ಅಂಗಿಯ ಇಸ್ತ್ರಿ ಒಮ್ಮೆಗೇ ಮುದುಡಿದಂತಾಯಿತು. ಆಗ ಅಲ್ಲಿಯವರೆಗೆ ಸುಮ್ಮನೆ ವಡೆ ತಿನ್ನುತ್ತಿದ್ದ ವಸುಧಾ ಬಾಯಿ ಒರೆಸಿಕೊಂಡಳು. "ಸುಳ್ಳು ಸೆಲ್ವಿಯವರೇ. ಇವರಿಗೆ ಹಲ್ಲಿ ಕಂಡ್ರೆ ಭಯ. ಇಂಜೆಕ್ಷನ್ ಅಂದ್ರೆ ಭಯ, ಕೋವಿಡ್ ಲಸಿಕೆ ದಿನ ನಾನೇ ಕೈ ಹಿಡ್ಕೊಂಡಿದ್ದೆ. ಅವರಕ್ಕನ ಫೋನ್ ಬಂದ್ರೆ ಎದ್ದು ನಿಂತು ಮಾತಾಡ್ತಾರೆ. ಸಕ್ರೆಬೈಲಲ್ಲಿ ಆನೆ ಮರಿಗೆ ಬೆಲ್ಲ ಕೊಡೋಕೆ ಹೋಗಿ ಬೆಲ್ಲಾನೇ ಎಸೆದು ಓಡಿಬಂದ್ರು. ಹೇಳಿಕೊಳ್ಳಕ್ಕೆ ನಾಚಿಕೆ, ಅಷ್ಟೇ." ಪಟ್ಟಿ ಇನ್ನೂ ಉದ್ದವಿತ್ತು, ನಾನು ಕೆಮ್ಮಿ ನಿಲ್ಲಿಸಿದೆ.

ಸೆಲ್ವಿ ಮೊದಲ ಬಾರಿ ನಕ್ಕರು. "ಹಂಗಾದ್ರೆ ನೋಡ್ಬಹುದು" ಎಂದರು. ಅವರೂ ವಸುಧಾಳೂ ಒಬ್ಬರ ನಂಬರ್ ಇನ್ನೊಬ್ಬರು ಬರೆದುಕೊಂಡರು. ಹೀಗೆ ಹದಿನೆಂಟು ವರ್ಷದ ನನ್ನ ಅವಗುಣಗಳೆಲ್ಲ ಒಂದೇ ಮಧ್ಯಾಹ್ನ ಅರ್ಹತೆಗಳಾಗಿ ಬದಲಾದವು.

ಮೂರು ತಿಂಗಳು ಈಜುಕೊಳದಲ್ಲಿ ಅಭ್ಯಾಸ ಮಾಡಿದೆವು. ಜೋಡಿ ಸಿಲಿಂಡರ್ ಹೊತ್ತು ಮೆಟ್ಟಿಲಿಳಿಯುವ ನನ್ನನ್ನು ನೋಡಿ ಪಕ್ಕದ ಮನೆಯವರು, ಗ್ಯಾಸ್ ಏಜೆನ್ಸಿ ತೆಗೆದುಕೊಂಡಿರಾ ಎಂದು ಕೇಳಿದರು. ಸೆಲ್ವಿ ಥಿಯೇಟರಿನ ಶಿಸ್ತಿನವರು. ಪ್ರತಿ ಸಲವೂ ನೀರಿಗಿಳಿಯುವ ಮೊದಲು ನನ್ನ ಒಂದೊಂದು ಕೊಳವೆ, ಒಂದೊಂದು ಬಕಲ್ ಮುಟ್ಟಿ, ಹೆಸರು ಹೇಳಿ ನೋಡುತ್ತಿದ್ದರು. ನಿನ್ನೆಯಷ್ಟೇ ನೋಡಿದ್ದೀರಲ್ಲ ಎಂದರೆ, "ನಿನ್ನೆ ನಿನ್ನೆಗೆ ಸಾರ್" ಎನ್ನುವರು. ನಾವು ಪಾಲಿಸಬೇಕಿದ್ದ ನಿಯಮಗಳಲ್ಲೆಲ್ಲ ದೊಡ್ಡದೊಂದಿತ್ತು. ನೀರಿನಡಿ ಹೆಬ್ಬೆರಳು ಮೇಲೆತ್ತಿದರೆ 'ಭೇಷ್' ಎಂದಲ್ಲ, 'ಸಾಕು, ಮೇಲೆ ಹೋಗೋಣ' ಎಂದು. ಯಾರೇ ಎತ್ತಲಿ, ಯಾವಾಗಲೇ ಎತ್ತಲಿ, ಡೈವ್ ಮುಗಿಯಿತು. ಕಾರಣ ಕೇಳುವಂತಿಲ್ಲ. ವಾಟ್ಸಾಪಿನಲ್ಲಿ ದಿನಕ್ಕೆ ಇಪ್ಪತ್ತು ಹೆಬ್ಬೆರಳು ಒತ್ತುವ ನನಗೆ ಇದು ರೂಢಿಯಾಗಲು ಸಮಯ ಹಿಡಿಯಿತು. ಚೆನ್ನಾಗಿ ನಿಂತಿದ್ದೀರಿ ಎಂದು ಸೆಲ್ವಿಯನ್ನು ಹೊಗಳಲು ಹೋಗಿ ನಾಲ್ಕು ಸಲ ಅಭ್ಯಾಸವನ್ನೇ ನಿಲ್ಲಿಸಿದ್ದೇನೆ.

ಜನವರಿಯಲ್ಲಿ ಸಮುದ್ರಕ್ಕೆ ಹೋದೆವು. ಮೂರನೆಯ ದಿನ, ಹದಿನೈದು ಮೀಟರ್ ಕೆಳಗೆ, ಮುಖದ ಮಾಸ್ಕನ್ನು ಪೂರ್ತಿ ತೆಗೆದು, ನಿಂತಲ್ಲೇ ನಿಂತು, ಮತ್ತೆ ಹಾಕಿಕೊಂಡು ನೀರು ಹೊರಹಾಕುವ ಪಾಠ. ಸೆಲ್ವಿ ಕನ್ನಡಕ ತೆಗೆದು ಒರೆಸಿಕೊಂಡಷ್ಟು ಸಲೀಸಾಗಿ ಮುಗಿಸಿದರು. ನನ್ನ ಸರದಿ. ಮಾಸ್ಕ್ ತೆಗೆದದ್ದೇ ತಡ, ಉಪ್ಪುನೀರು ಮೂಗಿನೊಳಗೆ ನುಗ್ಗಿತು. ಹೇಗೋ ತಿರುಗಿ ಹಾಕಿಕೊಂಡೆ, ಅರ್ಧ ನೀರು ಒಳಗೇ ಉಳಿಯಿತು. ಉಸಿರು ತಿದಿಯಂತೆ ಓಡತೊಡಗಿತು. ಎಳೆದಷ್ಟೂ ಸಾಲದು. ಮೇಲೆ ಬೆಳಕು ಕಾಣುತ್ತಿತ್ತು. ನೇರ ಅದರ ಕಡೆಗೆ ಚಿಮ್ಮಿಬಿಡಬೇಕೆಂದು ಕಾಲುಗಳು ತಾವಾಗಿಯೇ ನಿರ್ಧರಿಸುತ್ತಿದ್ದವು. ವಸುಧಾ, ಮಗಳು, ಕಾರ್ಖಾನೆಯ ಬೀಗದ ಕೈ ಜೇಬಿನಲ್ಲೇ ತಂದದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ವಿನ್ಸೆಂಟ್ ಸರ್ ಎದುರು ಬಂದು, ಸರಿಯಿದ್ದೀರಾ ಎಂದು ಸನ್ನೆಯಲ್ಲಿ ಕೇಳಿದರು. ನಾನು ಹೆಬ್ಬೆರಳು ತೋರುಬೆರಳು ಸೇರಿಸಿ ಗುಂಡಗೆ ಮಾಡಿ, ಸರಿಯಿದ್ದೇನೆ ಎಂದು ತೋರಿಸಿದೆ. ಸಾಯುವಾಗಲೂ ಮರ್ಯಾದೆ ಬಿಡದ ಮನೆತನ ನಮ್ಮದು.

ಆಗ ಒಂದು ಕೈ ನನ್ನ ತೋಳನ್ನು ಹಿಡಿಯಿತು. ಸೆಲ್ವಿ. ಹತ್ತಿರ ಬಂದು ಒಂದು ಕ್ಷಣ ನನ್ನ ಮುಖ ನೋಡಿದರು. ನೋಡಿ, ತಮ್ಮ ಹೆಬ್ಬೆರಳನ್ನು ಮೇಲೆತ್ತಿದರು. ಡೈವ್ ಮುಗಿಯಿತು. ತೋಳು ಬಿಡದೆ, ಉಸಿರನ್ನು ನಿಧಾನಕ್ಕೆ ಬಿಡಿ ಎಂದು ಇನ್ನೊಂದು ಕೈಯಲ್ಲಿ ತೋರಿಸುತ್ತ, ಒಂದೊಂದೇ ಮೀಟರ್ ನನ್ನನ್ನು ಮೇಲೆ ತಂದರು. ದೋಣಿಯಲ್ಲಿ ವಿನ್ಸೆಂಟ್ ಸರ್ ಏನೂ ಕೇಳಲಿಲ್ಲ. "ನಂಗೆ ಸಾಕು ಅನ್ನಿಸ್ತು" ಎಂದಷ್ಟೇ ಹೇಳಿ ಸೆಲ್ವಿ ಜಡೆ ಹಿಂಡಿಕೊಂಡರು.

ಇಲ್ಲಿಂದ ಮುಂದಿನದನ್ನು ಹೇಳಲು ನನಗೆ ನಿಜಕ್ಕೂ ನಾಚಿಕೆ. ಮನೆಗೆ ಬಂದು ವಸುಧಾಳಿಗೆ, "ಪಾಪ, ಸೆಲ್ವಿಯವರಿಗೆ ಸ್ವಲ್ಪ ಭಯವಾಯಿತು, ಅದಕ್ಕೇ ಮೇಲೆ ಬಂದೆವು. ನಾನು ಏನೂ ಅಂದುಕೊಳ್ಳಲಿಲ್ಲ" ಎಂದೆ. ಕಾರ್ಖಾನೆಯಲ್ಲಿ ಮಂಜುನಾಥನಿಗೂ ಹೇಳಿದೆ. ಹೇಳುತ್ತಾ ಹೇಳುತ್ತಾ ಕಥೆ ಬೆಳೆಯಿತು; ಎಂಟನೆಯ ದಿನದ ಹೊತ್ತಿಗೆ ಅವರ ತೋಳನ್ನು ಹಿಡಿದು ಮೇಲೆ ತಂದವನೇ ನಾನಾಗಿದ್ದೆ. ಒಂದು ಸಂಜೆ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದೆ. ವಸುಧಾ ಫೋನನ್ನು ಸ್ಪೀಕರಿಗೆ ಹಾಕಿ ಒಗ್ಗರಣೆ ಕೊಡುತ್ತ ಸೆಲ್ವಿಯ ಜೊತೆ ಮಾತಾಡುತ್ತಿದ್ದಳು.

"ಭಯ ಆಯ್ತಂತಲ್ಲ ನಿಮಗೆ, ಈಗ ಪರ್ವಾಗಿಲ್ವಾ?"

"ಹೌದಕ್ಕಾ, ತುಂಬಾ ಭಯ ಆಯ್ತು" ಎಂದರು ಸೆಲ್ವಿ. "ಸಾರ್ ಕಣ್ಣು ನೋಡಿ."

ವಸುಧಾ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ವಾಸಿಯಿತ್ತು. ಸಾಸಿವೆ ಚಟಪಟ ಎನ್ನುವುದನ್ನು ಕೇಳುತ್ತ, ಸುಲಿದ ಬೆಳ್ಳುಳ್ಳಿಯನ್ನೇ ಮತ್ತೆ ಸುಲಿಯುತ್ತ ಕೂತೆ. ಊಟವಾಗುವವರೆಗೂ ಕಾಯಲಾಗದೆ ಸೆಲ್ವಿಗೆ ಫೋನ್ ಮಾಡಿ, ಎಂಟು ದಿನದ ಸುಳ್ಳನ್ನೂ ಒಪ್ಪಿಸಿ ಕ್ಷಮೆ ಕೇಳಿದೆ. ಎದ್ದು ನಿಂತೇ ಮಾತಾಡಿದೆನಂತೆ, ಆಮೇಲೆ ವಸುಧಾ ಹೇಳಿದಳು. "ಸುಳ್ಳು ಮೇಲೆ ಹೇಳ್ಕೊಳ್ಳಿ ಸಾರ್, ಪರ್ವಾಗಿಲ್ಲ" ಎಂದರು ಸೆಲ್ವಿ. "ಕೆಳಗೆ ಹೇಳ್ಬೇಡಿ. ಅಲ್ಲಿ ನಿಮ್ಮ ಸನ್ನೆ ಬಿಟ್ರೆ ನಂಗೆ ಬೇರೇನೂ ಗೊತ್ತಾಗಲ್ಲ."

ಫೆಬ್ರವರಿಯಲ್ಲಿ ಮತ್ತೆ ಹೋದೆವು. ಮಾಸ್ಕ್ ಪಾಠ ಈ ಸಲ ಸುಸೂತ್ರವಾಗಿ ಮುಗಿಯಿತು. ನಲವತ್ತು ಸೆಕೆಂಡು ನಾನೂ ಹಲಗೆಯಂತೆ ನಿಂತಿದ್ದೆನೆಂದು ಸಾಕ್ಷಿಗಳಿದ್ದಾರೆ. ಆಮೇಲೆ, ಇನ್ನೂ ಮೂರು ಪಾಠ ಬಾಕಿಯಿರುವಾಗ, ನಾನು ಹೆಬ್ಬೆರಳು ಎತ್ತಿದೆ. ಹೊಗಳಲಿಕ್ಕಲ್ಲ. ಸೆಲ್ವಿ ಕ್ಷಣವೂ ತಡಮಾಡದೆ ತಾವೂ ಎತ್ತಿದರು, ವಿನ್ಸೆಂಟ್ ಸರ್ ಎತ್ತಿದರು, ಮೂವರೂ ಶಿಸ್ತಾಗಿ ಮೇಲೆ ಬಂದೆವು. ಕೋರ್ಸು ಮತ್ತೆ ಅರ್ಧಕ್ಕೆ ನಿಂತಿತು. ನಾನು ತಲೆ ತಗ್ಗಿಸಿ ಕೂತಿದ್ದೆ. ಸೆಲ್ವಿ ಟವೆಲ್ ಕೊಟ್ಟು, "ಇನ್ಮೇಲೆ ನಿಮ್ ಜೊತೆ ಎಷ್ಟು ಆಳಕ್ಕಾದ್ರೂ ಇಳೀಬಹುದು ಸಾರ್" ಎಂದರು. ವಿನ್ಸೆಂಟ್ ಸರ್ ಕೂಡ, "ಈಗ ಜೋಡಿ ಆಯ್ತು ನೋಡಿ" ಎಂದು ಬೆನ್ನು ತಟ್ಟಿದರು. ಐದು ಚಳಿಗಾಲದಲ್ಲಿ ಇಂಥ ಗೌರವ ನನಗೆ ಸಿಕ್ಕಿರಲಿಲ್ಲ.

ನಿಯಮದಂತೆ ಯಾಕೆ ಎಂದು ಯಾರೂ ಕೇಳಲಿಲ್ಲ. ನೀವು ಡೈವರುಗಳಲ್ಲ, ನಿಮಗೆ ಹೇಳಬಹುದು. ಇಡ್ಲಿಯಷ್ಟಗಲದ ಒಂದು ಲೋಳೆಮೀನು, ಅದೇ ಜೆಲ್ಲಿಫಿಶ್, ನನ್ನ ಎಡಗಡೆಯಿಂದ ಬರುತ್ತಿತ್ತು. ಮುಟ್ಟಲಿಲ್ಲ, ಹತ್ತಿರಕ್ಕೂ ಬರಲಿಲ್ಲ. ಆದರೆ ಅದು ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿತ್ತು. ಆ ಜಾತಿಗೆ ಕಣ್ಣೇ ಇರುವುದಿಲ್ಲವೆಂದು ಊರಿಗೆ ಬಂದ ಮೇಲೆ ಮಗಳು ಹೇಳಿದಳು.