ಮಂಡಳಿ ಮಾನ್ಯ ಗಾಳಿ

ಮೋಟಾರು ಪಂದ್ಯ ಮಹಾಮಂಡಳಿಯ ಆದೇಶದ ಪ್ರಕಾರ, ಈ ಋತುವಿನ ಎಲ್ಲ ಪಂದ್ಯಗಳಲ್ಲಿ ಬೀಸತಕ್ಕ ಗಾಳಿಯನ್ನು ಒದಗಿಸುವ ಏಕಮಾತ್ರ ಸರಬರಾಜುದಾರ ನಾನು. ಇದರಲ್ಲಿ ಅಚ್ಚರಿಪಡುವಂಥದ್ದು ಏನೂ ಇಲ್ಲ. ಟೈರು ಒದಗಿಸುವವನೂ ನಾನೇ. ಒಂದು ಕೆಲಸವನ್ನು ತಕರಾರಿಲ್ಲದೆ ಮಾಡಿದವನಿಗೆ ಇನ್ನೊಂದನ್ನು ಒಪ್ಪಿಸುವುದು ವ್ಯಾಪಾರದ ಸಹಜ ಕ್ರಮ.

ಹಿಂದೆ ಒಂದೊಂದು ತಂಡ ಒಂದೊಂದು ಕಡೆ ಟೈರು ಕೊಳ್ಳುತ್ತಿತ್ತು, ಸೋತ ತಂಡ ತನ್ನ ಟೈರನ್ನು ಬಯ್ಯುತ್ತಿತ್ತು. ಎಲ್ಲರೂ ಒಬ್ಬನನ್ನೇ ಬಯ್ಯಲು ಅನುಕೂಲವಾಗಲೆಂದು ಮಂಡಳಿ ಸರಬರಾಜನ್ನು ನನ್ನೊಬ್ಬನಿಗೆ ವಹಿಸಿತು. ಮೃದು, ಮಧ್ಯಮ, ಗಟ್ಟಿ ಎಂದು ಮೂರು ಬಗೆ. ಮೃದು ಟೈರು ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿಯದು ಜಾರುತ್ತದೆ, ಬಾಳುತ್ತದೆ. ಪ್ರತಿ ಪಂದ್ಯದಲ್ಲೂ ಎರಡು ಬಗೆಯನ್ನಾದರೂ ಬಳಸಲೇಬೇಕೆಂದು ನಿಯಮ. ಜನಕ್ಕೆ ರೋಚಕವಾಗಲಿ ಎಂದು ಮಂಡಳಿ ಕಾರಣ ಕೊಟ್ಟಿತು. ಒಂದರ ಬದಲು ಎರಡು ಖರ್ಚಾಗುವುದು ನನಗೂ ರೋಚಕವಾಗಿಯೇ ಕಂಡಿತು.

ಅಷ್ಟರಲ್ಲಿ ಕೆಲವು ತಂಡಗಳು ಟೈರಿಗೆ ತುಂಬುವ ಗಾಳಿಯಲ್ಲೇ ಏನೋ ಕೈಚಳಕ ಮಾಡುತ್ತಿವೆ ಎಂಬ ಗಾಳಿಸುದ್ದಿ ಹಬ್ಬಿತು. ಮಂಡಳಿ ಕೂಡಲೇ ಹೊಸ ನಿಯಮ ಹೊರಡಿಸಿತು: ‘ಕಾರುಗಳು ಬಳಸುವ ಗಾಳಿಯನ್ನು ಅಧಿಕೃತ ಸರಬರಾಜುದಾರನಿಂದಲೇ ಪಡೆಯತಕ್ಕದ್ದು. ತಪ್ಪಿದಲ್ಲಿ ಸದರಿ ಕಾರನ್ನು ಪಂದ್ಯದಿಂದ ಹೊರಗಿಡತಕ್ಕದ್ದು.’ ಕರಡಿನಲ್ಲಿ ‘ಟೈರಿನೊಳಗಿನ ಗಾಳಿ’ ಎಂದಿತ್ತು. ಅಧ್ಯಕ್ಷರು ಚುಟುಕಾಗಿ ಬರೆಯುವುದರಲ್ಲಿ ನಂಬಿಕೆಯುಳ್ಳವರು. ‘ಟೈರಿನೊಳಗಿನ’ ಎಂಬುದು ಉದ್ದವಾಯಿತೆಂದು ಹೊಡೆದುಹಾಕಿದ್ದರು.

ಇದರ ಏಟು ಮೊದಲು ಬಿದ್ದದ್ದು ನಮ್ಮ ಅಳಿಯಂದಿರಿಗೆ. ಅವರು ಒಂದು ಸಣ್ಣ ತಂಡದಲ್ಲಿ ಕಾರು ವಿನ್ಯಾಸ ಮಾಡುವ ಮುಖ್ಯಸ್ಥರು. ಕಾರಿನ ಹಿಂಭಾಗಕ್ಕೆ ಹೊಸ ರೆಕ್ಕೆಯೊಂದನ್ನು ಮಾಡಿದ್ದರು. ವಿಮಾನದ ರೆಕ್ಕೆ ಮೇಲಕ್ಕೆತ್ತಿದರೆ ಇದು ಕೆಳಕ್ಕೆ ಒತ್ತುತ್ತದೆ. ಕಾರು ತಿರುವಿನಲ್ಲಿ ಜಾರದೆ ನೆಲಕ್ಕೆ ಅಂಟಿಕೊಂಡು ಓಡುತ್ತದೆ. ತಂಡದ ಮಾಲೀಕರು ಮೊದಲೇ ಹೇಳಿದ್ದರು: “ಈ ಪಂದ್ಯದಲ್ಲಿ ಕಾರು ಮುಂದೆ ಬಂದ್ರೆ ನೀವಿರ್ತೀರಿ. ಇಲ್ಲ ಅಂದ್ರೆ ರೆಕ್ಕೆ ಜೊತೆ ನೀವೂ ಹಾರ್ತೀರಿ.”

ತಪಾಸಣೆಯ ಶೆಡ್ಡಿನಲ್ಲಿ ಮಂಡಳಿಯ ಅಧಿಕಾರಿ ಕಾರಿನ ಸುತ್ತ ಬಂದು ರೆಕ್ಕೆಯ ಮುಂದೆ ನಿಂತರು.

“ಇದೇನು ಕೆಲಸ ಮಾಡುತ್ತೆ?”

“ಗಾಳಿನ ಬಳಸ್ಕೊಂಡು ಕಾರನ್ನ ನೆಲಕ್ಕೆ ಒತ್ತುತ್ತೆ ಸಾರ್,” ಎಂದರು ಅಳಿಯಂದಿರು.

“ಯಾರ ಗಾಳಿ?”

“ಯಾರ ಗಾಳಿ ಅಂದ್ರೆ... ಹೊರಗಡೆ ಗಾಳಿ ಸಾರ್.”

“ಹೊರಗಿನ ಮಾಲು ಅಂತ ನೀವೇ ಒಪ್ಕೊಂಡ್ರಿ,” ಎಂದು ಅಧಿಕಾರಿ ರೆಕ್ಕೆಗೆ ಕೆಂಪು ಚೀಟಿ ಅಂಟಿಸಿದರು.

ಅಳಿಯಂದಿರು ಏದುಸಿರು ಬಿಡುತ್ತ ನನ್ನ ಗೋದಾಮಿಗೆ ಬಂದರು. ಮಗಳು ಅಲ್ಲೇ ಟೈರುಗಳ ಅಟ್ಟಿಯ ನಡುವೆ ನಿಂತು ಲಾರಿಗೆ ಮಾಲು ಹೇರಿಸುತ್ತಿದ್ದಳು.

“ಮಾವ, ನಿಮ್ಮ ಗಾಳಿ ಬೇರೆ ನನ್ನ ಗಾಳಿ ಬೇರೆ ಅಂತ ನೀವಾದ್ರೂ ಅವರಿಗೆ ಹೇಳಿ!”

“ಬೇರೆ ಅಂದ್ರೆ ನಿಮ್ಮದು ಅನಧಿಕೃತ ಆಗೋಗುತ್ತಲ್ಲ, ಅಳಿಯಂದಿರೇ.”

“ಗಾಳಿ ಯಾರಪ್ಪನ ಸ್ವತ್ತೂ ಅಲ್ಲ ಮಾವ!”

“ಸದ್ಯಕ್ಕೆ ಇವಳ ಅಪ್ಪಂದು,” ಎಂದು ಮಗಳ ಕಡೆ ತೋರಿಸಿದೆ.

ಮಗಳು ನಗಲಿಲ್ಲ. “ಅಪ್ಪ, ತಮಾಷೆ ಸಾಕು. ಇವರ ಕೆಲಸ ಹೋದ್ರೆ ದಿನವಿಡೀ ಮನೇಲಿ ಕೂತು ಫ್ಯಾನಿನ ರೆಕ್ಕೆ ತಿದ್ತಾರೆ. ನನ್ನ ಕೈಲಾಗಲ್ಲ. ಏನಾದ್ರೂ ಮಾಡು.”

ಮಂಡಳಿಯ ತುರ್ತುಸಭೆ ಸೇರಿತು. ಒಂದು ಪದ ಸೇರಿಸಿಬಿಟ್ಟರೆ ಮುಗಿಯಿತಲ್ಲ ಎಂದು ಅಳಿಯಂದಿರು ಕೈಮುಗಿದರು. ಅಧ್ಯಕ್ಷರು ಆಗದೆಂದು ತಲೆಯಾಡಿಸಿದರು.

“ಒಂದು ನಿಯಮ ತಪ್ಪು ಅಂತ ನಾವೇ ಹೇಳಿದ್ರೆ, ನಾಳೆ ಜನ ಉಳಿದಿದ್ದನ್ನೂ ಓದೋಕೆ ಶುರು ಮಾಡ್ತಾರೆ.”

ನಾನು ಎದ್ದು ನಿಂತೆ. “ನಿಯಮ ಹಾಗೇ ಇರಲಿ ಅಧ್ಯಕ್ಷರೇ. ಹೊರಗಿನ ಗಾಳಿನೂ ನಾನೇ ಒದಗಿಸ್ತೀನಿ.”

“ಅಷ್ಟು ದಾಸ್ತಾನು ಇದೆಯಾ?”

“ಗೋದಾಮು ದೊಡ್ಡದು. ಬಾಗಿಲು ತೆಗೆದೇ ಇಟ್ಟಿರ್ತೀನಿ.”

ಎಲ್ಲರ ಮುಖವೂ ಹಗುರಾಯಿತು. ಹಿರಿಯ ಸದಸ್ಯರೊಬ್ಬರು ಮಾತ್ರ, “ಎಲ್ಲರಿಗೂ ಒಂದೇ ಥರದ ಗಾಳಿ ಕೊಟ್ರೆ ಪಂದ್ಯ ಸಪ್ಪೆ ಆಗಲ್ವಾ?” ಎಂದು ಚಿಂತೆ ತೋಡಿಕೊಂಡರು. ಇಷ್ಟು ದೂರದ ಆಲೋಚನೆ ನನಗೇ ಹೊಳೆದಿರಲಿಲ್ಲ.

ಹೀಗೆ ಗಾಳಿಯೂ ಮೃದು, ಮಧ್ಯಮ, ಗಟ್ಟಿ ಎಂದು ಮೂರು ಬಗೆಯಾಯಿತು. ‘ಪ್ರತಿ ಕಾರೂ ಎರಡು ಬಗೆಯ ಗಾಳಿಯನ್ನಾದರೂ ಬಳಸತಕ್ಕದ್ದು. ಆಯ್ದುಕೊಂಡ ಗಾಳಿಯನ್ನು ರೆಕ್ಕೆಗೆ ವಿಧಿವತ್ತಾಗಿ ತಾಗಿಸತಕ್ಕದ್ದು. ಆನಂತರ ಸದರಿ ಕಾರಿಗೆ ಬಡಿಯುವ ಗಾಳಿಯೆಲ್ಲ ಅದೇ ಬಗೆಯದೆಂದು ಭಾವಿಸತಕ್ಕದ್ದು.’ ಟೈರು ಬದಲಿಸಲು ಕಾರು ನಿಂತಾಗ ನಮ್ಮ ಆಳು ಸಿಲಿಂಡರಿನಿಂದ ರೆಕ್ಕೆಗೊಂದು ‘ಬುಸ್’ ಬಿಡುವುದೆಂದು ಏರ್ಪಾಡಾಯಿತು. ಮೂರೂ ಬಗೆಯನ್ನು ತುಂಬುವ ಕಂಪ್ರೆಸರ್ ಒಂದೇ. ಸಿಲಿಂಡರಿನ ಬಣ್ಣ ಬೇರೆ. ಗುಣಮಟ್ಟದಲ್ಲಿ ನಾನು ಭೇದ ಮಾಡುವವನಲ್ಲ.

ಅಳಿಯಂದಿರ ರೆಕ್ಕೆಯ ಕೆಂಪು ಚೀಟಿ ಹೋಗಿ ಹಸಿರು ಚೀಟಿ ಬಂತು. ಪಂದ್ಯ ಶುರುವಾಯಿತು. ಸ್ವಲ್ಪ ಹೊತ್ತಿನಲ್ಲೇ ಅವರ ಚಾಲಕ ರೇಡಿಯೋದಲ್ಲಿ ಕಿರುಚತೊಡಗಿದ: “ಈ ಗಟ್ಟಿ ಗಾಳಿ ಹಿಡೀತಾನೇ ಇಲ್ಲ! ಮೃದು ಕೊಡಿ, ಮೃದು!”

“ಎಲ್ಲಾ ಒಂದೇ ಗಾಳಿ ಕಣಯ್ಯಾ!” ಎಂದು ಅಳಿಯಂದಿರು ತಲೆ ಚಚ್ಚಿಕೊಂಡರು. ಚಾಲಕ ಕೇಳಲಿಲ್ಲ, ಕಾರು ತಂದು ನಿಲ್ಲಿಸಿದ. ನಮ್ಮ ಆಳು ಬುಸ್ ಎನಿಸಿದ. “ಆಹಾ! ಇದು ಗಾಳಿ ಅಂದ್ರೆ!” ಎಂದು ಹೊರಟವನು ನಿಜಕ್ಕೂ ಮೊದಲಿಗಿಂತ ಜೋರಾಗಿ ಓಡಿಸಿದ. ಆಗಲೇ ಹೊಸ ಟೈರುಗಳನ್ನೂ ಹಾಕಿದ್ದೆವು ಎಂಬುದನ್ನು ಯಾರೂ ಎತ್ತಲಿಲ್ಲ, ನಾನಂತೂ ಎತ್ತಲಿಲ್ಲ.

ಆದರೆ ಮುಂದಿನ ಕಾರಿನ ಬೆನ್ನಿಗೆ ಬರುತ್ತಿದ್ದಂತೆ ರೆಕ್ಕೆಯ ಬಲ ಕುಸಿಯಿತು. ಕಾರು ಎಷ್ಟು ಹೆಣಗಿದರೂ ದಾಟಲಾಗಲಿಲ್ಲ. ಕೊನೆಯ ತನಕ ಅದರ ಹಿಂದೆಯೇ ಕುಂಟುತ್ತ ಬಂತು.

ಮಾಲೀಕರು ಮುಖ ಸಿಂಡರಿಸಿಕೊಂಡು ಬಂದರು. “ಏನ್ರೀ, ನಿಮ್ಮ ರೆಕ್ಕೆ ಕೈ ಕೊಡ್ತಲ್ಲ?”

“ರೆಕ್ಕೆ ಸರಿಯಾಗಿದೆ ಸಾರ್. ಮುಂದಿನ ಕಾರು ಗಾಳಿನೆಲ್ಲ ಕದಡಿಬಿಡುತ್ತೆ. ಹಿಂದೆ ಬರೋರಿಗೆ ಸಿಗೋದು ಅದು ಬಳಸಿ ಬಿಟ್ಟ ಗಾಳಿ ಮಾತ್ರ...”

ಅಳಿಯಂದಿರು ಹೇಳಿದ್ದು ಅಪ್ಪಟ ವಿಜ್ಞಾನ. ಹೇಳುತ್ತ ಹೇಳುತ್ತ ಅವರು ಥಟ್ಟನೆ ನಿಂತರು. ಕೊಂಡ ಮಾಲನ್ನು ವಾಪಸು ಕೊಡಬಹುದೆಂದು ಹೊಳೆದ ಗಿರಾಕಿಯ ಮುಖವನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅಂಥ ಮುಖ ನನ್ನ ಕಡೆ ತಿರುಗಿತು.

“ಸಾರ್,” ಎಂದರು ಮಾಲೀಕರಿಗೆ, ನಿಧಾನವಾಗಿ, “ನಮಗೆ ಬಳಸಿದ ಗಾಳಿ ಕೊಟ್ಟಿದ್ದಾರೆ.”

“ಹೊಸದು ಅಂತ ಹೇಳಿ ಸೆಕೆಂಡ್ ಹ್ಯಾಂಡ್ ಗಾಳಿನಾ!” ಎಂದು ಮಾಲೀಕರು ಕೆಂಡವಾದರು. ಅಳಿಯಂದಿರ ಮೇಲೆ ಅಲ್ಲ.

ವಿಚಾರಣೆ ನಡೆಯಿತು. ಅಳಿಯಂದಿರು ನಕ್ಷೆಗಳನ್ನು ಹರಡಿ, ಮಾವ ಎಂಬ ಮುಲಾಜಿಲ್ಲದೆ ವಾದಿಸಿದರು. ಅಧ್ಯಕ್ಷರು ನನಗೆ ಎಚ್ಚರಿಕೆ ಕೊಟ್ಟರು. ಬಳಸಿದ ಗಾಳಿಯನ್ನೆಲ್ಲ ವಾಪಸು ಪಡೆದು ತಾಜಾ ಗಾಳಿ ಕೊಡತಕ್ಕದ್ದೆಂದು ಆದೇಶಿಸಿದರು. ನಾನು ತಲೆಬಾಗಿ ಒಪ್ಪಿಕೊಂಡೆ. ಗಿರಾಕಿಯ ದೂರಿಗೆ ಎದುರಾಡಿ ಅಭ್ಯಾಸವಿಲ್ಲ. ಅಳಿಯಂದಿರ ಕೆಲಸ ಉಳಿಯಿತು. ಉಳಿದದ್ದಲ್ಲದೆ, ತಂಡದಲ್ಲಿ ಗಾಳಿ ಆಯ್ಕೆ ವಿಭಾಗವೆಂಬ ಹೊಸ ವಿಭಾಗಕ್ಕೂ ಅವರೇ ಮುಖ್ಯಸ್ಥರಾದರು.

ಮರುದಿನ ಮಧ್ಯಾಹ್ನ ಮಗಳು ಊಟಕ್ಕೆ ಕರೆದಿದ್ದಳು. ಸೆಕೆಯೆಂದು ಕಿಟಕಿ ತೆಗೆದಳು. ಅಳಿಯಂದಿರು ತುತ್ತನ್ನು ಅರ್ಧದಲ್ಲೇ ನಿಲ್ಲಿಸಿ, ಕಣ್ಣು ಮುಚ್ಚಿ, ಕೆನ್ನೆಯನ್ನು ಕಿಟಕಿಯ ಕಡೆ ತಿರುಗಿಸಿದರು.

“ಮಧ್ಯಮ,” ಎಂದರು ಗಂಭೀರವಾಗಿ. “ಮೃದು ಇರ್ಲಿಲ್ವಾ?”

“ಎಲ್ಲಿಂದ ತರ್ಲಿ?” ಎಂದಳು ಮಗಳು, ಸಾರು ಬಡಿಸುತ್ತ. “ಪಕ್ಕದ ಮನೆಯವರು ಬೆಳಿಗ್ಗೇನೇ ಕಿಟಕಿ ತೆಗೆದು ಎಲ್ಲಾ ಖಾಲಿ ಮಾಡ್ಬಿಟ್ರು.”